ಮಣಿಕಟ್ಟಿನಲ್ಲಿ ಮೂಗು ಮುಚ್ಚಿದವಳು

ಪೆಂಡರ್ ಲ್ಯಾಂಡಿಂಗಿನ ಹಳೇ ಪೇಟೆಯಲ್ಲಿ ಶನಿವಾರ ಬೆಳಿಗ್ಗೆ ಆರ್ಡಿತ್ ಫೋಲ್ಕರ್ ಹಿಂದುಹಿಂದಕ್ಕೆ ನಡೆಯುವುದನ್ನು ನೋಡದವರಿಲ್ಲ. ಊರು ನೋಡಲು ಬಂದವರ ಕಡೆಗೆ ಮುಖ, ಹೋಗಬೇಕಾದ ದಾರಿಗೆ ಬೆನ್ನು. ಎಲ್ಲಿ ಇಟ್ಟಿಗೆ ಎದ್ದಿದೆ, ಎಲ್ಲಿ ಬೀದಿ ಹೊಳೆಯ ಕಡೆಗೆ ಇಳಿಯುತ್ತದೆ ಎಂಬುದೆಲ್ಲ ಅವಳ ಹಿಮ್ಮಡಿಗೇ ಗೊತ್ತಿತ್ತು. ಅರವತ್ತೆಂಟು ವರ್ಷ. ಗಂಡ ಮರ್ಲ್ ಹೋಗಿ ಹದಿನೈದು ವರ್ಷ. ಅವನ ಕಬ್ಬಿಣದ ಸಾಮಾನಿನ ಅಂಗಡಿ ಮುಚ್ಚಿದ ಮಾರನೇ ವರ್ಷ, ಮನೆಯಲ್ಲಿ ಕೂತು ಗೋಡೆ ನೋಡಲಾರದೆ, ಹೊರಗಿನಿಂದ ಬಂದವರಿಗೆ ಪೇಟೆ ತೋರಿಸುವ ಕೆಲಸ ಹಿಡಿದಳು. ಸಂಬಳ ಇಲ್ಲ. ಮಾತಾಡಲು ಜನ ಸಿಗುತ್ತಾರಲ್ಲ, ಅಷ್ಟೇ.

ಮಾತು ಬಲ್ಲವಳು. ಬ್ಯಾಂಕಿನ ಕಲ್ಲುಕಂಬದ ಮುಂದೆ ನಿಂತರೆ ಅದನ್ನು ಕಟ್ಟಿಸಿದವನ ಮೂರು ಮದುವೆಯ ಕಥೆ. ನಾಟಕಶಾಲೆಯ ಮುಂದೆ ನಿಂತರೆ ಹೊಳೆ ಉಕ್ಕಿ ಪಿಯಾನೊ ಬೀದಿಯಲ್ಲಿ ತೇಲಿಕೊಂಡು ಹೋದ ಕಥೆ. ಅದಾದ ಮೇಲೆ ಗುಂಡಿ ಕಾರ್ಖಾನೆ. ಒಂದು ಕಾಲಕ್ಕೆ ದೇಶದ ಅರ್ಧ ಜನದ ಅಂಗಿಗುಂಡಿ ಇದೇ ಊರಿನದು, ಮಿಸಿಸಿಪ್ಪಿ ಹೊಳೆಯ ಕಪ್ಪೆಚಿಪ್ಪಿನಿಂದ ಕೊರೆದದ್ದು, ಎಂದು ಅವಳು ಹೇಳುತ್ತಿದ್ದಳು. ಈಗಲೂ ಯಾರ ಹಿತ್ತಿಲು ಅಗೆದರೂ ದುಂಡಗೆ ತೂತು ಕೊರೆದ ಚಿಪ್ಪು ಸಿಗುತ್ತಿತ್ತು.

ಕಾರ್ಖಾನೆ ದಾಟಿ ಹೊಳೆಯ ಒಡ್ಡು ಹತ್ತಿದರೆ ಅವಳ ಹೆಸರುವಾಸಿಯಾದ ಜಾಗ ಬರುತ್ತಿತ್ತು. ಅಲ್ಲಿ ನಿಂತು ಎರಡು ಕೈ ತಟ್ಟುವಳು.

"ಈಗ ಎಲ್ರೂ ಮೂಗು ಮುಚ್ಕೊಳ್ಳಿ! ಮುಚ್ಕೊಳ್ರಪ್ಪ, ನಾಚ್ಕೋಬೇಡಿ. ಆ ಕಾಲದಲ್ಲಿ ಇಲ್ಲಿ ನಿಂತಿದ್ರೆ ನಾನು ಹೇಳೋ ಮುಂಚೇನೇ ಮುಚ್ಕೋತಿದ್ರಿ."

ತಾನೂ ಮುಚ್ಚಿಕೊಳ್ಳುವಳು. ಎಲ್ಲರೂ ನಗುತ್ತ ಮೂಗು ಹಿಡಿದು ನಿಲ್ಲುವರು. ಆಗ ಚಿಪ್ಪುಕೇರಿಯ ಕಥೆ ಶುರು. ಹೊಳೆಯ ದಂಡೆಯಲ್ಲಿ ಗುಡಾರ ಹಾಕಿಕೊಂಡು ಚಿಪ್ಪು ಹಿಡಿಯುವ ಜನ. ಹಂಡೆಯಲ್ಲಿ ಕುದಿಸಿ, ಬಾಯಿ ಬಿಟ್ಟ ಚಿಪ್ಪಿನಿಂದ ಮಾಂಸ ಕಿತ್ತು ಎಸೆಯುವ ಜನ. ಆ ಮಾಂಸ ಬಿಸಿಲಿಗೆ ಕೊಳೆತು, ನಾತ ಗಾಳಿ ಬೀಸಿದ ಕಡೆಗೆಲ್ಲ ಹೋಗಿ, ಅವರ ಬಟ್ಟೆ ಕೂದಲು ಹಾಸಿಗೆಯಲ್ಲೆಲ್ಲ ಕೂತುಬಿಡುತ್ತಿತ್ತು.

"ಒಂದು ವರ್ಷ ಚರ್ಚಿನ ಸುಗ್ಗಿ ಊಟಕ್ಕೆ ಆ ಕೇರಿಯಿಂದ ಒಬ್ಳು ಮಹಾತಾಯಿ ಬಂದ್ಲು. ಯಾರೋ ಬಾಯ್ಮಾತಿಗೆ ಕರ್ದಿದ್ರು, ಇವಳು ನಿಜ ಅಂದ್ಕೊಂಡ್ಲು. ಬಂದು ಕೂತ್ಲು. ಪಾದ್ರಿಯವರ ಹೆಂಡ್ತಿ ಎದ್ದು ಒಂದು ಕಿಟಕಿ ತೆಗೆದ್ರು. ಸಾಲ್ದು. ಎರಡ್ನೇದು ತೆಗೆದ್ರು. ಸಾಲ್ದು. ಏಳು ಕಿಟಕಿ! ನವೆಂಬರ್ ತಿಂಗಳು, ಹೊರಗೆ ನೀರು ಗಡ್ಡೆ ಕಟ್ತಿದೆ, ಒಳಗೆ ಜನ ಕೋಟು ಹಾಕ್ಕೊಂಡು ಹಲ್ಲು ಕಟಕಟ ಅಂತ ಹಂದಿಮಾಂಸ ತಿಂತಿದಾರೆ! ಆಗ ಆ ಮಹಾತಾಯಿ ಪಕ್ಕದೋರನ್ನ ಕೇಳಿದ್ಲಂತೆ, 'ಯಾಕ್ರೀ, ನಿಮ್ಮಲ್ಲಿ ಊಟಕ್ಕೆ ಕೂತಾಗ ಕಿಟಕಿ ತೆಗೆಯೋದು ಶಾಸ್ತ್ರವೇನು?'"

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಈ ಮಾತಿಗೆ ನಗದ ಒಂದು ಗುಂಪು ಬಂದಿರಲಿಲ್ಲ.

ಆ ಮಹಾತಾಯಿ ಆರ್ಡಿತಳ ಹೆತ್ತ ತಾಯಿ.

ಇದು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮರ್ಲನಿಗೂ ಗೊತ್ತಿರಲಿಲ್ಲ. ಗುಡಾರದಲ್ಲಿ ಹುಟ್ಟಿದ ಹುಡುಗಿಯನ್ನು ಹನ್ನೆರಡು ವರ್ಷಕ್ಕೆ ಡುಬ್ಯೂಕ್ ಪಟ್ಟಣದ ಒಂದು ಮನೆಗೆ ಕೆಲಸಕ್ಕೆ ಕಳಿಸಿದ್ದರು. ಅಷ್ಟರಲ್ಲಿ ಹೊಳೆಯಲ್ಲಿ ಚಿಪ್ಪು ಕಮ್ಮಿಯಾಗಿ ಕೇರಿಯೂ ಎದ್ದುಹೋಯಿತು, ಅಮ್ಮನೂ ಉಳಿದವರೂ ಹೊಳೆ ದಾಟಿ ಇಲಿನಾಯ್ ಕಡೆಗೆ ಹೋದರು. ಹತ್ತು ವರ್ಷ ಕಳೆದು ಅವಳು ಮರ್ಲನ ಕೈ ಹಿಡಿದು ಇದೇ ಊರಿಗೆ ಬಂದಾಗ ಮಿಸೆಸ್ ಫೋಲ್ಕರ್ ಆಗಿದ್ದಳು, ಯಾರೂ ಗುರುತು ಹಿಡಿಯಲಿಲ್ಲ. ಯಾವೂರು ಎಂದು ಕೇಳಿದವರಿಗೆ "ಡುಬ್ಯೂಕ್" ಎಂದಳು. ಮೊದಲ ಸಲ ಹೇಳಿದಾಗ ನಾಲಗೆ ತಡವರಿಸಿತು. ಆಮೇಲೆ ಅದೇ ನಿಜವಾಗಿ ಹೋಯಿತು.

ಕಿಟಕಿಯ ಕಥೆ ಏಕೆ ಹೇಳತೊಡಗಿದಳು ಎಂದರೆ ಅವಳಿಗೇ ಸರಿಯಾಗಿ ಹೇಳಲು ಬಾರದು. ಊರಿನ ಮುದುಕರಲ್ಲಿ ಕೆಲವರಿಗೆ ಅದು ಗೊತ್ತಿತ್ತು. ಯಾರೋ ಹೇಳಿ ನಕ್ಕರು. ತಾನು ನಗದಿದ್ದರೆ ಅನುಮಾನ ಬಂದೀತೆಂದು ಅವಳೂ ನಕ್ಕಳು. ಆಮೇಲೆ ಅವರಿಗಿಂತ ಚೆನ್ನಾಗಿ ತಾನೇ ಹೇಳಿದಳು. ಆ ಕೊನೆಯ ಮಾತಿದೆಯಲ್ಲ, ಕಿಟಕಿ ತೆಗೆಯುವುದು ಶಾಸ್ತ್ರವೇ ಎಂಬುದು, ಅದು ಯಾರೂ ಹೇಳಿದ್ದಲ್ಲ. ಆರ್ಡಿತಳೇ ಹೊಸೆದದ್ದು.

ಅವಳಮ್ಮ ಎಫಿಗೆ ಕಿಟಕಿ ಏಕೆ ತೆಗೆಯುತ್ತಿದ್ದಾರೆಂದು ಮೊದಲನೇ ಕಿಟಕಿಗೇ ಗೊತ್ತಾಗಿತ್ತು. ಆ ಊಟಕ್ಕೆ ಬರುವ ಮೊದಲು ಎರಡು ದಿನ ಬಟ್ಟೆ ಕುದಿಸಿದ್ದಳು. ಮರಳಿನಲ್ಲಿ, ವಿನೆಗರಿನಲ್ಲಿ, ಮತ್ತೆ ಮರಳಿನಲ್ಲಿ ಕೈ ತಿಕ್ಕಿ ತಿಕ್ಕಿ ಚರ್ಮ ಸುಲಿದಿತ್ತು. ಕಣಕದೊಳಗೆ ಒಣಸೇಬು ತುಂಬಿ ಅಗಲವಾದ ಪೈ ಬೇಯಿಸಿ ತಂದಿದ್ದಳು. ಆರ್ಡಿತಳಿಗೆ ಆಗ ಒಂಬತ್ತು. ಮೂರನೇ ಕಿಟಕಿ ತೆಗೆದಾಗ ಶಾಲೆಯ ಹುಡುಗಿಯರು ಆಚೆ ಮೇಜಿನಿಂದ ನೋಡುತ್ತಿದ್ದರು. ಆರ್ಡಿತ್ ಕುರ್ಚಿ ಬಿಟ್ಟು ಎದ್ದಳು. ಮೂಗು ಮುಚ್ಚಿಕೊಂಡು, ತನಗೂ ಆ ಹೆಂಗಸಿಗೂ ಸಂಬಂಧವೇ ಇಲ್ಲ ಎಂಬಂತೆ, ಆಚೆ ಮೇಜಿಗೆ ಹೋಗಿ ಕೂತಳು. ಅವಳು ಕೂತ ಮೇಜಿನವರೆಲ್ಲ ನಕ್ಕರು. ಅಮ್ಮ ಇತ್ತ ನೋಡಿದಳು. ಕರೆಯಲಿಲ್ಲ.

ವಾಪಸ್ ಹೋಗುವಾಗ ದಾರಿಯಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು. "ಊಟ ಸೇರ್ತಾ ಮಗ?" ಆಮೇಲೆ ಪೈ ತಂದಿದ್ದ ತಟ್ಟೆ ತೋರಿಸಿದ್ದಳು. "ನೋಡಿದ್ಯಾ, ಚೂರೂ ಉಳೀಲಿಲ್ಲ. ಎಲ್ಲಾ ತಿಂದ್ರು."

ಆ ಖಾಲಿ ತಟ್ಟೆಯನ್ನು ಆರ್ಡಿತ್ ಐವತ್ತೊಂಬತ್ತು ವರ್ಷ ಮನಸ್ಸಿನಲ್ಲಿ ಹಿಡಿದುಕೊಂಡಿದ್ದಳು. ಹೋಗಲಿ, ಅಮ್ಮನ ಪೈ ತಿಂದರಲ್ಲ. ಅಷ್ಟೇನೂ ಕೆಟ್ಟದಾಗಿರಲಿಲ್ಲ ಆ ದಿನ, ಎಂದು ತನಗೇ ಹೇಳಿಕೊಳ್ಳುತ್ತಿದ್ದಳು.

ತೊಂಬತ್ತೆಂಟನೇ ಇಸವಿಯ ಅಕ್ಟೋಬರಿನಲ್ಲಿ ಹೊಳೆಯಾಚೆಯ ಇಲಿನಾಯ್ ಕಡೆಯಿಂದ ಒಂದು ಬಸ್ಸು ಮುದುಕರು ಬಂದರು. ಹತ್ತೊಂಬತ್ತು ಜನ. ಅದರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಎಲ್ಲದಕ್ಕೂ ಬಾಯಿ ಹಾಕುತ್ತಿದ್ದ.

"ಬ್ಯಾಂಕ್ ಕಟ್ಟಿಸಿದೋನಿಗೆ ಮೂರು ಮದ್ವೆನಾ? ನಂಗೆ ಒಂದಕ್ಕೇ ಬ್ಯಾಂಕು ಖಾಲಿ ಆಯ್ತು ಕಣ್ರೀ."

"ನಿಮ್ಮೆಂಡ್ರು ಪಕ್ಕದಲ್ಲೇ ಇದಾರೆ ಮೇಷ್ಟ್ರೇ, ಬಸ್ಸಲ್ಲಿ ವಾಪಸ್ ಹೋಗ್ಬೇಕು ನೀವು," ಎಂದಳು ಆರ್ಡಿತ್. ಎಲ್ಲರೂ ನಕ್ಕರು. ಒಳ್ಳೇ ಗುಂಪು, ಇವತ್ತು ಕಥೆ ಚೆನ್ನಾಗಿ ಏಳುತ್ತದೆ ಎಂದುಕೊಂಡಳು.

ಒಡ್ಡಿನ ಮೇಲೆ ಕಥೆ ಚೆನ್ನಾಗಿಯೇ ಎದ್ದಿತು. ಹದಿನೆಂಟು ಜನ ಮೂಗು ಹಿಡಿದರು. ಹಿಂದೆ ನಿಂತಿದ್ದ ಕಂದು ಕೋಟಿನ ಸಣಕಲು ಹೆಂಗಸು ಮಾತ್ರ ಎರಡು ಕೈಯನ್ನೂ ಜೇಬಿನಲ್ಲಿ ಇಟ್ಟುಕೊಂಡೇ ಇದ್ದಳು. ನಗಲೂ ಇಲ್ಲ. ಆರ್ಡಿತಳ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದಳು.

ಒಡ್ಡು ಇಳಿದು ಚರ್ಚಿನ ಕಡೆಗೆ ಹೊರಟಾಗ ಆ ಹೆಂಗಸು ಬಿರಬಿರನೆ ಬಂದು ಜೊತೆಯಾದಳು.

"ಮೂಗು ಹಾಗೆ ಮುಚ್ಕೊಳ್ಳೋದು ಎಲ್ಲಿ ಕಲಿತ್ರಿ?"

"ಹೇಗೆ?"

"ಹೀಗೆ." ಹೆಂಗಸು ಬಲಗೈ ಎತ್ತಿ ಮಣಿಕಟ್ಟಿನ ಹಿಂಭಾಗವನ್ನು ಮೂಗಿಗೆ ಒತ್ತಿದಳು. "ಇವರನ್ನೆಲ್ಲ ನೋಡಿ, ಬೆರಳಲ್ಲಿ ಹಿಡ್ಕೊಂಡ್ರು. ಬೆರಳು ನಾರದೋರು ಬೆರಳಲ್ಲೇ ಹಿಡ್ಕೊಳ್ಳೋದು. ಹಂಡೆಗೆ ಕೈ ಹಾಕ್ದೋರಿಗೆ ಬೆರಳು ಮೂಗಿನ ಹತ್ರ ತರೋ ಹಾಗಿರ್ಲಿಲ್ಲ. ನಮ್ಮ ಕೇರೀಲಿ ಮಗೂಗೂ ಗೊತ್ತಿತ್ತು, ಮಣಿಕಟ್ಟಲ್ಲಿ ಮುಚ್ಕೋಬೇಕು ಅಂತ."

ಆರ್ಡಿತ್ ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಹದಿನಾಲ್ಕು ವರ್ಷ ಊರೆಲ್ಲ ನೋಡುವಂತೆ ಹಾಗೆ ಮುಚ್ಚಿಕೊಂಡಿದ್ದಾಳೆ. ಮಾತನ್ನು, ಹೆಸರನ್ನು, ನಡಿಗೆಯನ್ನು ತಿದ್ದಿಕೊಂಡವಳಿಗೆ ಕೈಯನ್ನು ತಿದ್ದಬೇಕೆಂದು ಹೊಳೆದೇ ಇರಲಿಲ್ಲ.

"ನಾನು ಲಿಯೋಟ. ಕುಂಟ ಹೈರಮ್‌ನ ಮಗಳು. ನಿಮ್ಮ ಗುಡಾರದ ಪಕ್ಕದ್ದೇ ನಮ್ದು. ನೀನು ಆರ್ಡಿ ಅಲ್ವಾ? ಎಫಿ ಅತ್ತೆ ಮಗಳು."

"ಯಾರನ್ನೋ ಅಂದ್ಕೊಂಡಿದೀರಿ," ಎಂದಳು ಆರ್ಡಿತ್. "ನಾನು ಡುಬ್ಯೂಕ್‌ನೋಳು."

ಬಾಯಿಂದ ಅದು ಎಷ್ಟು ಸರಾಗವಾಗಿ ಬಂತೆಂದರೆ ಅವಳಿಗೇ ಅಸಹ್ಯವಾಯಿತು.

ಲಿಯೋಟ ಜಗಳಕ್ಕೆ ಬರಲಿಲ್ಲ. "ಹಾಗಾ. ವಯಸ್ಸಾಯ್ತು, ಕಣ್ಣು ಸಾಲ್ದು ಬಿಡಿ. ಆದ್ರೆ ನಿಮ್ಮ ಕಥೆ ತಪ್ಪಾಗಿದೆ ಕಣ್ರೀ, ತಿದ್ಕೊಳ್ಳಿ. ಆವತ್ತು ನಾನೂ ಅಲ್ಲಿದ್ದೆ, ಏಳು ವರ್ಷದ ಹುಡುಗಿ. ಅತ್ತೆ ನನ್ನೂ ಕರ್ಕೊಂಡು ಹೋಗಿದ್ರು. ಅವರು ಆ ಶಾಸ್ತ್ರ ಗೀಸ್ತ್ರ ಅಂತ ಏನೂ ಕೇಳ್ಲಿಲ್ಲ. ಸುಮ್ನೆ ಕೂತಿದ್ರು. ಮಗಳು ಎದ್ದು ಹೋದ್ಮೇಲೆ ಆ ಕುರ್ಚಿ ಖಾಲಿ ಇತ್ತು, ನಾನು ಹೋಗಿ ಕೂತೆ. ಪೈ ಮುಂದಿತ್ತು. ಯಾರೂ ಮುಟ್ಟಿರ್ಲಿಲ್ಲ."

"ಯಾರೂನಾ?"

"ಒಂದು ಚೂರೂ. ಅತ್ತೆ ಕತ್ತರ್ಸಿ ಕತ್ತರ್ಸಿ ನನ್ನ ತಟ್ಟೆಗೇ ಹಾಕಿದ್ರು. ನಂಗೆ ಹೊಟ್ಟೆ ಬಿರೀತಿದೆ, ಸಾಕು ಅತ್ತೆ ಅಂದ್ರೆ, 'ತಿನ್ನು ಮಗ, ಇನ್ನೊಂದೇ ಚೂರು. ತಟ್ಟೆ ಖಾಲಿ ಇರ್ಬೇಕು. ಯಾರೂ ತಿನ್ಲಿಲ್ಲ ಅಂತ ಆರ್ಡಿಗೆ ಗೊತ್ತಾಗ್ಬಾರ್ದು, ನೊಂದ್ಕೋತಾಳೆ' ಅಂದ್ರು. ಅರ್ಧ ನಾನು ತಿಂದೆ, ಅರ್ಧ ಅವರು ತಿಂದ್ರು. ಆ ರಾತ್ರಿಯೆಲ್ಲ ನಂಗೆ ವಾಂತಿ." ಲಿಯೋಟ ನಕ್ಕಳು, ಆಮೇಲೆ ನಗು ಬಿಟ್ಟಳು. "ಅಷ್ಟೇ. ನೀವು ಡುಬ್ಯೂಕ್‌ನೋರಲ್ವಾ, ನಿಮಗೆ ಹೇಗೆ ಗೊತ್ತಿರುತ್ತೆ."

ಹೀಗೆಂದು ಅವಳು ಹಿಂದಕ್ಕೆ ಸರಿದು ಗುಂಪಿನಲ್ಲಿ ಸೇರಿಕೊಂಡಳು.

ಉಳಿದ ಎರಡು ಬೀದಿಯನ್ನು ಆರ್ಡಿತ್ ಎಲ್ಲರಂತೆ ಮುಂದೆ ನೋಡಿಕೊಂಡು ನಡೆದಳು. ಜನರ ಕಡೆಗೆ ತಿರುಗಲು ಆಗಲಿಲ್ಲ. "ಈ ಮನೆ ಯಾರದ್ದು?" ಎಂದು ಮೇಷ್ಟ್ರು ಕೇಳಿದರೆ "ಯಾರದ್ದೋ" ಎಂದಳು. ಖಾಲಿ ತಟ್ಟೆಯೂ ಹೋಯಿತು. ಮಗಳು ನೊಂದುಕೊಳ್ಳುತ್ತಾಳೆ ಎಂದಿದ್ದಳಂತೆ ಅಮ್ಮ. ಆ ಮಗಳು ಆಚೆ ಮೇಜಿನಲ್ಲಿ ಕೂತು ಎರಡನೇ ಸಲ ಆಲೂಗಡ್ಡೆ ಹಾಕಿಸಿಕೊಂಡಿದ್ದಳು. ಅದೂ ನೆನಪಿಗೆ ಬಂತು.

ಚರ್ಚಿನ ಊಟದ ಕೋಣೆಯಲ್ಲಿ ಡೆಲೋರಿಸ್ ಕ್ರಾಂಟ್ಸ್ ಕಾಫಿ ಇಟ್ಟು ಕಾಯುತ್ತಿದ್ದಳು. ಆರ್ಡಿತಳ ನಲವತ್ತಾರು ವರ್ಷದ ಗೆಳತಿ. ಹೆರಿಗೆಯೋ ಸಾವೋ ಏನೇ ಬರಲಿ, ಇವಳ ಮನೆಗೆ ಅವಳು, ಅವಳ ಮನೆಗೆ ಇವಳು. ಪ್ರತಿ ಶನಿವಾರ ಊರು ನೋಡಿದವರು ಬಂದು ಕೂತ ಕೂಡಲೇ ಡೆಲೋರಿಸಳದ್ದೊಂದು ರೂಢಿಯಿತ್ತು.

"ಕಿಟಕಿ ಕಥೆ ಹೇಳಿದ್ಯೇನೇ? ಹೇಳಿರ್ತಾಳೆ, ಅದಿಲ್ದೆ ಇವಳಿಗೆ ಕಾಫಿ ಇಳಿಯಲ್ಲ. ಇವೇ ನೋಡ್ರಪ್ಪ ಆ ಏಳು ಕಿಟಕಿ! ಎಣಿಸ್ಕೊಳ್ಳಿ." ಜನ ಎದ್ದು ಎಣಿಸುವರು, ಫೋಟೊ ತೆಗೆಯುವರು. "ಎಲ್ಲಿ ಆರ್ಡಿತ್, ಆ ಕೊನೇ ಮಾತು ಇಲ್ಲಿ ನಿಂತು ಇನ್ನೊಂದ್ಸಲ ಹೇಳು. ಇಲ್ಲಿ ಹೇಳಿದ್ರೇನೇ ರುಚಿ."

ಇವತ್ತೂ ಹಾಗೇ ಆಯಿತು. ಮೇಷ್ಟ್ರು ಮೇಜು ಬಡಿದ. "ಹೇಳಿ, ಹೇಳಿ!"

ಲಿಯೋಟ ಮೂಲೆಯಲ್ಲಿ ಕೂತು ಕಾಫಿ ಬಟ್ಟಲೊಳಗೆ ನೋಡುತ್ತಿದ್ದಳು. ಅವಳು ತಲೆ ಎತ್ತಿ ಒಂದು ಮಾತು ಆಡಿದ್ದರೂ ಆರ್ಡಿತಳಿಗೆ ಸುಲಭವಾಗುತ್ತಿತ್ತು. ಸುಳ್ಳು ಎನ್ನಬಹುದಿತ್ತು, ಅಥವಾ ಸಿಕ್ಕಿಬಿದ್ದೆ ಎಂದು ಅಳಬಹುದಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಹೇಳುವುದೂ ಬಿಡುವುದೂ ಆರ್ಡಿತಳ ಮೇಲೇ ಬಿತ್ತು.

"ಅವಳು ಹಾಗೆ ಕೇಳ್ಲಿಲ್ಲ," ಎಂದಳು ಆರ್ಡಿತ್. "ಏನೂ ಕೇಳ್ಲಿಲ್ಲ. ಅವಳ ಹೆಸರು ಎಫಿ ಟಟಲ್. ನಮ್ಮಮ್ಮ."

ಎಲ್ಲರೂ ಗೊಳ್ಳೆಂದು ನಕ್ಕರು. ಡೆಲೋರಿಸ್ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನೋಡ್ರಪ್ಪ, ಹೊಸ ಬಾಲ ಕಟ್ಟಿದಾಳೆ! ಎಲ್ಲಿಂದ ಹೊಳೀತೇ ನಿಂಗೆ?"

ನಗಬೇಡಿ ಎನ್ನಲು ಆರ್ಡಿತಳಿಗೆ ಬಾಯಿ ಬರಲಿಲ್ಲ. ನಗುವುದನ್ನು ಕಲಿಸಿದವಳು ತಾನೇ. ಒಲೆಯ ಪಕ್ಕದ ಮೇಜಿನ ಕಡೆಗೆ ಕೈ ತೋರಿಸಿದಳು.

"ಅಲ್ಲಿ ಕೂತಿದ್ವಿ. ಅಮ್ಮ, ನಾನು, ಪಕ್ಕದ ಗುಡಾರದ ಹುಡುಗಿ ಒಬ್ಳು. ಒಣಸೇಬಿನ ಪೈ ತಂದಿದ್ಲು ಅಮ್ಮ. ಕೈ ತಿಕ್ಕಿ ತಿಕ್ಕಿ ರಕ್ತ ಬಂದಿತ್ತು. ಮೂರ್ನೇ ಕಿಟಕಿ ತೆಗೆದಾಗ ನಾನು ಎದ್ದೆ. ಮೂಗು ಮುಚ್ಕೊಂಡು ಆ ಕಡೆ ಹೋಗಿ ಕೂತೆ. ಕಿಟಕಿ ತೆಗೆದೋರು ಬೇರೆಯೋರು. ಎದ್ದು ಹೋದೋಳು ನಾನು. ಇದನ್ನ ಕಥೇಲಿ ಯಾವತ್ತೂ ಹೇಳ್ಲಿಲ್ಲ."

ನಗು ಒಂದು ಕಡೆಯಿಂದ ಆರುತ್ತ ಬಂತು. ಕೊನೆಗೆ ಮೇಷ್ಟ್ರು ಒಬ್ಬನೇ ನಗುತ್ತಿದ್ದ. ಹೆಂಡತಿ ಮೊಣಕೈಯಲ್ಲಿ ತಿವಿದಳು.

"ನೀನು ಡುಬ್ಯೂಕ್‌ನೋಳು," ಎಂದಳು ಡೆಲೋರಿಸ್.

"ಅಲ್ಲ."

"ಅರವತ್ತೊಂದರಲ್ಲಿ ಯಾರೋ ದೂರದ ಚಿಕ್ಕಮ್ಮ ಸತ್ರು ಅಂತ ನೀನು ಇಲಿನಾಯ್‌ಗೆ ಹೋಗಿದ್ದೆ. ಮೂರು ದಿನ ನಿನ್ನ ಮಕ್ಕಳಿಗೆ ಮರ್ಲನಿಗೆ ನಾನೇ ಬೇಯಿಸಿ ಹಾಕ್ದೆ. ಬಂದೋಳು ಒಂದು ತೊಟ್ಟು ಕಣ್ಣೀರು ಹಾಕ್ಲಿಲ್ಲ. ಅಷ್ಟೇನೂ ಬಳಕೆ ಇರ್ಲಿಲ್ಲ ಬಿಡು ಅಂದೆ ನೀನು. ಆ ಚಿಕ್ಕಮ್ಮ ಯಾರು ಹಾಗಾದ್ರೆ?"

ಆರ್ಡಿತ್ ಒಲೆಯ ಪಕ್ಕದ ಮೇಜಿನ ಕಡೆಗೆ ನೋಡಿದಳು.

"ನಿಮ್ಮಮ್ಮನೇನಾ?"

"ಹೂಂ."

"ಅಯ್ಯೋ ನಿನ್ನ." ಡೆಲೋರಿಸ್ ಕಾಫಿ ಪಾತ್ರೆ ಕೆಳಗಿಟ್ಟಳು. "ಹೆತ್ತೋಳನ್ನ ಚಿಕ್ಕಮ್ಮ ಅಂದ್ಯಾ? ಅದೂ ದೂರದ ಚಿಕ್ಕಮ್ಮ?"

"ಗೊತ್ತಾದ್ರೆ ನೀವೆಲ್ಲ..."

"ನಾವೆಲ್ಲ ಏನು? ನಮ್ಮಪ್ಪ ಹಂದಿ ಕೊಯ್ಯೋ ಕಾರ್ಖಾನೇಲಿದ್ದ, ಅವನೇನು ಗುಲಾಬಿ ಹೂವಿನ ವಾಸನೆ ಬರ್ತಿದ್ನಾ? ನಾತಕ್ಕೆ ನಿನ್ನ ಬಿಡ್ತಿದ್ನೇನೇ ನಾನು?" ಅವಳು ಏಪ್ರನ್ನಿನ ಗಂಟಿಗೆ ಕೈ ಹಾಕಿದಳು. "ಹದಿನಾಲ್ಕು ವರ್ಷ ಆ ಮಾತಿಗೆ ನಕ್ಕಿದೀನಿ. ಕಿಟಕಿ ಬೇರೆ ತೋರ್ಸಿದೀನಿ, ಎಣಿಸ್ಕೊಳ್ಳಿ ಅಂತ. ನಿಮ್ಮಮ್ಮನ್ನ ನೋಡಿ ನನ್ನನ್ನ ನಗಿಸಿದ್ಯಲ್ಲೇ. ಅದೂ ನನ್ನನ್ನ."

ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು. ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋದಳು. ಆ ಬಾಗಿಲು ಹೊಡೆದುಕೊಳ್ಳಲೂ ಇಲ್ಲ. ಮೆಲ್ಲಗೆ ಮುಚ್ಚಿದಳು.

ಚಿಪ್ಪುಕೇರಿಯವಳೆಂದು ತಿಳಿದರೆ ಜನ ಮೂಗು ಮುರಿಯುತ್ತಾರೆಂದು ಆರ್ಡಿತ್ ಜೀವಮಾನವೆಲ್ಲ ಹೆದರಿದ್ದಳು. ಯಾರೂ ಮೂಗು ಮುರಿಯಲಿಲ್ಲ. ಮುಖ ತಿರುಗಿಸಿದವರು ಇದ್ದರು, ನಿಜ. ಅದು ಕೇರಿಗಲ್ಲ. ಹೆದರಿದ್ದ ಅವಮಾನ ಬರಲೇ ಇಲ್ಲ. ಬಂದದ್ದು ಅವಳು ತಾನೇ ಮಾಡಿಕೊಂಡದ್ದು. ಅದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ.

ಬಟ್ಟಲುಗಳನ್ನು ಅವಳೇ ತೊಳೆದಳು. ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ಲಿಯೋಟ ನಿಂತಳು.

"ಅಮ್ಮ ನೊಂದ್ಕೊಂಡಿದ್ಲಾ?" ತಿರುಗಿ ನೋಡದೆ ಆರ್ಡಿತ್ ಕೇಳಿದಳು. "ನಾನು ಎದ್ದು ಹೋಗಿದ್ದಕ್ಕೆ?"

"ನೊಂದ್ಕೊಂಡಿದ್ರು. ಇಲ್ಲ ಅಂದ್ರೆ ನಿಂಗೆ ಹಿತವಾಗುತ್ತೆ, ಆದ್ರೆ ಸುಳ್ಳು ಯಾಕೆ ಹೇಳ್ಲಿ. ಬೇಸಿಗೆ ಬರೋವರೆಗೂ ಯಾರ ಜೊತೆಗೂ ಸರಿಯಾಗಿ ಮಾತಾಡ್ಲಿಲ್ಲ." ಲಿಯೋಟ ಬಟ್ಟಲು ಒರೆಸಿ ಬೋರಲು ಹಾಕಿದಳು. "ನಾನೇನು ನಿನ್ನ ಹಿಡ್ಯೋಕೆ ಬರ್ಲಿಲ್ಲ ಕಣೇ. ಊರು ನೋಡೋಕೆ ಬಂದೆ. ನೀನು ಎಲ್ಲಾ ತೋರ್ಸಿದೆ, ನಮ್ಮ ಕೇರಿ ಎಲ್ಲಿತ್ತು ಅಂತ ಮಾತ್ರ ತೋರಿಸ್ಲಿಲ್ಲ. ನಂಗೆ ಹಾದಿ ಮರ್ತೋಗಿದೆ."

ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಅವರಿಬ್ಬರೂ ಹೊರಟದ್ದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಬಂದರು, ಮೇಷ್ಟ್ರು ಕೂಡ. ರೈಲು ಹಳಿ ದಾಟಿ, ಜೋಳದ ಕಣಜದ ಹಿಂದೆ ಹೋದರೆ ಲಾರಿ ನಿಲ್ಲಿಸುವ ಬಯಲು. ಎಣ್ಣೆ ಬಿದ್ದ ಜಲ್ಲಿಕಲ್ಲು. ಆಚೆಗೆ ಹೊಳೆ, ಅಗಲಕ್ಕೆ, ಕಂದುಬಣ್ಣಕ್ಕೆ. ನಲವತ್ತಾರು ವರ್ಷದಲ್ಲಿ ಆರ್ಡಿತ್ ಇತ್ತ ಕಾಲಿಟ್ಟಿರಲಿಲ್ಲ.

ಲಿಯೋಟ ಅಲ್ಲಿ ಇಲ್ಲಿ ಕಾಲಿಂದ ಕಲ್ಲು ಸರಿಸಿ ನೋಡುತ್ತಿದ್ದಳು. ಬಂದವರು ಅರ್ಧ ಸುತ್ತಾಗಿ ನಿಂತರು. ಆರ್ಡಿತ್ ಏನೋ ಹೇಳುತ್ತಾಳೆಂದು ಕಾದರು. ಊರಿನ ಒಂದೊಂದು ಇಟ್ಟಿಗೆಗೂ ಒಂದು ಕಥೆ ಇಟ್ಟುಕೊಂಡಿದ್ದವಳ ಹತ್ತಿರ ಈ ಜಾಗಕ್ಕೆ ಒಂದು ಮಾತೂ ಇರಲಿಲ್ಲ.

"ಇಲ್ಲೇನಿತ್ತು ಅಮ್ಮಾ?" ಎಂದು ಮೇಷ್ಟ್ರು ಕೇಳಿದ. ಈ ಸಲ ದನಿ ತಗ್ಗಿಸಿ ಕೇಳಿದ.

"ನಮ್ಮನೆ," ಎಂದಳು.

ಹಿಂದೆ ನಿಂತವರಿಗೆ ಕೇಳಿಸಲಿಲ್ಲ. ಏನಂತೆ, ಏನಂದ್ರು ಎಂದು ಒಬ್ಬರನ್ನೊಬ್ಬರು ಕೇಳಿದರು. ಆರ್ಡಿತ್ ಅವರ ಕಡೆಗೆ ತಿರುಗಿದಳು. ತಲೆ ಎತ್ತಲು ಆಗಲಿಲ್ಲ. ನೆಲ ನೋಡಿಕೊಂಡೇ, ಆದರೆ ಎಲ್ಲರಿಗೂ ಕೇಳಿಸುವಂತೆ, ಇನ್ನೊಂದು ಸಲ ಹೇಳಿದಳು.